ನನಗೆ ಗೊತ್ತಿಲ್ಲದ ಶಿಷ್ಯೆ

ಕಳೆದ ತಿಂಗಳು ಒಂದು ಮಧ್ಯಾಹ್ನ ರಾಯಚೂರಿನ ನಮ್ಮ ಮನೆಗೆ ಬಂದ ಹೆಂಗಸು, ತನ್ನ ಥೀಸಿಸ್‌ನಲ್ಲಿ ನನ್ನ ಹೆಸರು ಹಾಕಲು ಪರ್ಮಿಷನ್ ಕೇಳಿದಳು. ನಲವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಕಾಟನ್ ಸೀರೆ. ಮಾನ್ವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳಂತೆ. ಅವರದು ಬೌದ್ಧ ಮನೆತನ. ಮೂಲ ಕಳೆದುಹೋಗಿ ಚೀನೀ ಅನುವಾದದಲ್ಲಷ್ಟೇ ಉಳಿದಿರುವ ಬೌದ್ಧ ಗ್ರಂಥವೊಂದನ್ನು ಓದಲೆಂದೇ ಚೈನೀಸ್ ಕಲಿತಿದ್ದಳು. ಮುಖ ಗುರುತಾಗಲಿಲ್ಲ. ಕಾನ್ವೆಂಟಿನಲ್ಲಿ ಅಷ್ಟು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಎಷ್ಟು ಮುಖ ನೆನಪಿದ್ದಾವು? ಯಾವುದೋ ಹಳೆಯ ಬ್ಯಾಚಿನವಳೆಂದುಕೊಂಡು ಖುಷಿಯಿಂದಲೇ ಚಹಾ ಮಾಡಿದೆ.

"ಗುರುಗಳಿಗೆ ಥ್ಯಾಂಕ್ಸ್ ಹೇಳೋ ಪುಟ ಚೈನೀಸಿನಾಗ ಬರಿಯಾಕತ್ತೀನ್ರಿ ಟೀಚರ್. ಅದರಾಗ ಶಿಷ್ಯರಿಗೆ ಒಂದ ಅಲ್ರಿ, ಭಾಳ ಶಬ್ದ ಅದಾವ."

ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದಳು. ಷುಯೆಷಂಗ್ ಎಂದರೆ ಸಾದಾ ವಿದ್ಯಾರ್ಥಿ. ದೀಜ ಎಂದರೆ ಗುರು ಒಪ್ಪಿಕೊಂಡ ಶಿಷ್ಯ. ತಮ್ಮ, ಮಗ ಎಂಬೆರಡು ಅಕ್ಷರ ಕೂಡಿಸಿ ಬರೆಯುತ್ತಾರೆ. ಒಬ್ಬ ಗುರುವಿನ ಶಿಷ್ಯರೆಲ್ಲ ಸೇರಿದರೆ ಪೀಚ್ ಮತ್ತು ಪ್ಲಮ್, ಗುರು ನೆಟ್ಟ ಗಿಡಗಳ ಹಣ್ಣು ಎಂಬಂತೆ. ಇನ್ನೊಬ್ಬರ ಶಿಷ್ಯನನ್ನು ಗೌರವದಿಂದ ಕರೆಯುವುದಾದರೆ 'ಎತ್ತರದ ಪಾದ'.

"ಪಾದ ಗುರುವಿಂದಲ್ಲೇನವ್ವ?"

ನಕ್ಕಳು. "ಅಲ್ಲಿ ಶಿಷ್ಯಂದ್ರಿ. ಆದ್ರ ತನ್ನ ಶಿಷ್ಯಗ ತಾನ ಹಂಗ ಅನ್ನಂಗಿಲ್ಲ." ಆಮೇಲೆ ಇನ್ನೊಂದು ಬರೆದಳು. "ನನಗ ಬೇಕಾಗಿದ್ದು ಇದ್ರಿ, ಸಿಷು ದೀಜ. ಗುರುವಿನ ಮುಂದ ಕುಂತಿಲ್ಲ, ಗುರುವಿಗೆ ಗೊತ್ತೂ ಇಲ್ಲ, ಆದ್ರ ಅವರ ಕಡಿಂದನ ಕಲ್ತಾರ. ಅಂಥವರು. ಭಾಳ ಸಲ ಗುರು ಸತ್ತಿರತಾರ್ರಿ."

"ನಾ ಇನ್ನೂ ಇದ್ದೀನಲ್ಲ. ನೀ ನನ್ನ ಕ್ಲಾಸಿನಾಗ ಇದ್ದಾಕಿ, ನಿನಗ್ಯಾಕ ಆ ಶಬ್ದ?"

"ಇದ್ದಿಲ್ರಿ."

ಅವಳ ಅಪ್ಪ, ಅಮ್ಮ ದೇವದುರ್ಗ ಕಡೆಯ ಅರಕೇರಾದಿಂದ ದುಡಿಯಲು ರಾಯಚೂರಿಗೆ ಬಂದವರು. ಮಗಳನ್ನು ನಮ್ಮ ಸ್ಕೂಲಿಗೇ ಕರೆತಂದಿದ್ದರು. ಆಗ ಅಡ್ಮಿಷನ್‌ಗೆ ಪೇರೆಂಟ್ಸ್ ಇಂಟರ್‌ವ್ಯೂ ಇತ್ತು. ಮಗುವಿಗಿಂತ ಮೊದಲು ತಂದೆತಾಯಿಯನ್ನು ಇಂಗ್ಲಿಷಿನಲ್ಲಿ ಪ್ರಶ್ನಿಸುತ್ತಿದ್ದೆವು. ಟೇಬಲ್ಲಿನ ಹಿಂದೆ ಕೂತಿದ್ದವಳು ನಾನು.

"ಮನ್ಯಾಗ ಹೋಂವರ್ಕ್ ಯಾರು ಮಾಡಸ್ತಾರ ಅಂತ ಇಂಗ್ಲಿಷಿನಾಗ ಕೇಳಿದ್ರಿ. ನಮ್ಮವ್ವ ನಿಮ್ಮ ಬಾಯಿ ನೋಡ್ಕೋತ ನಿಂತ್ಲು. ನೆಕ್ಸ್ಟ್ ಅಂದ್ರಿ."

ಆ ತಾಯಿ ಪಾತ್ರೆ ತೊಳೆಯುತ್ತಿದ್ದ ಮನೆಯ ಹುಡುಗಿ ನನ್ನ ಕ್ಲಾಸಿನವಳಂತೆ. ವರ್ಷ ಮುಗಿದಾಗ ಅವಳ ನೋಟ್‌ಬುಕ್ಕುಗಳು ರದ್ದಿಗೆ ಹೋಗದೆ ಇವಳ ಕೈಗೆ ಬಂದವು. ತಪ್ಪು ಯಾಕೆ ತಪ್ಪು ಎಂದು ಮಾರ್ಜಿನ್ನಿನಲ್ಲಿ ಕೆಂಪು ಇಂಕಿನಿಂದ ಬರೆಯುವುದು ನನ್ನ ಹ್ಯಾಬಿಟ್. ಸರ್ಕಾರಿ ಶಾಲೆಯ ಹುಡುಗಿ ಅದನ್ನೇ ಓದಿ ಇಂಗ್ಲಿಷ್ ಕಲಿತಿದ್ದಳು.

ಆ ಟೇಬಲ್ಲಿನ ಹಿಂದೆ ಎಷ್ಟು ಸಲ ನೆಕ್ಸ್ಟ್ ಅಂದಿದ್ದೆನೋ. ಎಷ್ಟು ಹುಡುಕಿದರೂ ಎದುರು ನಿಂತವರ ಒಂದು ಮುಖವೂ ಸಿಗಲಿಲ್ಲ. ಡ್ರೆಡ್‌ಫುಲ್ ಎಂದರೆ ಅದು.

"ಸಿಷು ಬ್ಯಾಡವ್ವ," ಎಂದೆ ಕಡೆಗೆ. "ಬರೇ ದೀಜ ಅಂತ ಬರಿ. ನಾ ಒಪ್ಕೊಂಡೀನಿ."

"ಈಗ ಒಪ್ಕೊಂಡ್ರಿ. ಅವಾಗ ಒಪ್ಪಿದ್ದಿಲ್ಲಲ್ರಿ. ಥೀಸಿಸಿನಾಗ ಸುಳ್ಳು ಬರಿಯಾಕ ಬರಂಗಿಲ್ಲ ಟೀಚರ್." ದನಿಯಲ್ಲಿ ಸಿಟ್ಟಿರಲಿಲ್ಲ. "ಹೆಸರು ಹಾಕ್ಲೋ, ಬ್ಯಾಡೋ?"

"ಹಾಕು. ನಿನಗ ಬೇಕಾದ ಶಬ್ದನ ಹಾಕು."

ಅವಳು ಚೀಲ ಎತ್ತಿಕೊಂಡಾಗ ಕೇಳಿದೆ, "ನಿಮ್ಮವ್ವ ಇದ್ದಾಳೇನು?"

"ಮಾನ್ವಿಯೊಳಗ ನನ್ನ ಕೂಡ ಇದ್ದಾಳ್ರಿ."

"ಬಂದು ಮಾತಾಡಸ್ಲೇನು?"

ಚೀಲ ಹೆಗಲಿಗೆ ಹಾಕಿಕೊಂಡಳು. "ಅಕಿನ್ನ ಕೇಳಿ ಹೇಳ್ತೀನ್ರಿ."

ಇನ್ನೂ ಫೋನ್ ಬಂದಿಲ್ಲ.