ಟೈಪಿಂಗ್ ಅಂಗಡಿಯ ಪಕೀರಬ್ಬನ ವೋಟು

ಕತಾರಿನ ಮದೀನತ್ ಖಲೀಫಾ ಬಡಾವಣೆಯ ಟೈಪಿಂಗ್ ಅಂಗಡಿಯಲ್ಲಿ ವಲಸೆ ಬಂದವರ ವೀಸಾ ಅರ್ಜಿಗಳನ್ನು ಅರಬ್ಬಿಯಲ್ಲಿ ಟೈಪು ಮಾಡಿಕೊಡುವ ಪಕೀರಬ್ಬನಿಗೆ ಯುರೋಪಿನ ಚುನಾವಣೆಯೆಂದರೆ ಸ್ವಂತ ಮನೆಯ ಜಗಳವಿದ್ದಂತೆ. ಅರ್ಜಿ ಹಿಡಿದು ಬಂದವರನ್ನು ಕೂರಿಸಿಕೊಂಡು, ಫ್ರಾನ್ಸಿನಲ್ಲಿ ವಲಸಿಗರನ್ನು ಓಡಿಸುತ್ತೇವೆನ್ನುವ ಪಕ್ಷಕ್ಕೆ ಎಷ್ಟು ವೋಟು ಬಿತ್ತೆಂದು ಬೆರಳು ಮಡಚಿ ಹೇಳುತ್ತಾನೆ. ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ ಆಸ್ಟ್ರಿಯಾದಲ್ಲಿ ಅಂಥದೇ ಪಕ್ಷ ಎರಡನೆಯ ಸ್ಥಾನಕ್ಕೇರಿದಾಗಲಂತೂ ಅವನಿಗೆ ಊಟವೇ ಸೇರಲಿಲ್ಲ. "ಹೊರಗಿನವರು ಬಂದು ಕೆಲಸ ಕಿತ್ತುಕೊಂಡರು ಅಂತ ಕೂಗಿದ್ರೆ ಸಾಕು, ಗೆಲ್ತಾರೆ. ಎಂತ ಜನ ಮಾರಾಯ್ರೆ!" ಎಂದು ಹಣೆ ಚಚ್ಚಿಕೊಂಡ. ಮರುಗಳಿಗೆಯಲ್ಲೇ ಪಕ್ಕದ ಬೀದಿಯಲ್ಲಿ ಹೊಸದಾಗಿ ತೆರೆದ ಟೈಪಿಂಗ್ ಅಂಗಡಿಯತ್ತ ಕೈ ತೋರಿಸಿ, "ಈ ಹೊಸಬರು ಬಂದೇ ಕತಾರ್ ಹಾಳಾದದ್ದು. ವೀಸಾ ನಿಲ್ಲಿಸ್ಬೇಕು, ಖಲಾಸ್!" ಎಂದ. ಅರ್ಜಿಗೆ ಕಾದಿದ್ದ ವೆಲ್ಡರ್ ಈರಯ್ಯ ಮೆಲ್ಲನೆ, "ಕಾಕಾ, ನಿಮಗ ಅಲ್ಲಿ ವೋಟಿದ್ರ ಯಾರಿಗೆ ಹಾಕ್ತಿದ್ರಿ?" ಎಂದು ಕೇಳಿದ. ಪಕೀರಬ್ಬ ಹೊಟ್ಟೆ ಕುಣಿಯುವಂತೆ ನಕ್ಕುಬಿಟ್ಟ. "ಅದೇ ಪಕ್ಷಕ್ಕೆ ಮಾರಾಯ! ಗೆದ್ದ ಮೇಲೆ ಅವರು ಮೊದಲು ಓಡಿಸುವುದು ನನ್ನನ್ನೇ!" ಅಂದಿನಿಂದ ಬಂದವರಿಗೆಲ್ಲ ಈ ಮಾತನ್ನು ತಾನೇ ಹೇಳಿ ನಗುತ್ತಾನೆ. ಆದರೆ ವರ್ಷಕ್ಕೊಮ್ಮೆ ತನ್ನದೇ ವಾಸದ ಪರವಾನಗಿ ಮುಗಿಯುವ ದಿನ ಹತ್ತಿರ ಬಂದಾಗ ಆ ನಗೆಮಾತು ಬಿಟ್ಟು ತನ್ನ ಅರ್ಜಿಯನ್ನು ಮುಂದಿಟ್ಟುಕೊಳ್ಳುತ್ತಾನೆ. ದಿನಕ್ಕೆ ಐವತ್ತು ಅರ್ಜಿಗಳನ್ನು ಕಣ್ಣು ಮುಚ್ಚಿ ಟೈಪು ಮಾಡುವವನ ಬೆರಳು, ತನ್ನ ಅರ್ಜಿಯಲ್ಲಿ ಸ್ವಂತ ಹೆಸರಿಗೇ ತಪ್ಪುತ್ತದೆ. ಮೂರು ಹಾಳೆ ಹರಿದು, ನಾಲ್ಕನೆಯದನ್ನು ಸಿಕ್ಕಿಸಿ, ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾನೆ. ಇಪ್ಪತ್ತೆರಡು ವರ್ಷ ಇಲ್ಲೇ ಕಳೆದ ಪಕೀರಬ್ಬ ಆ ಹೊತ್ತು ನಿನ್ನೆ ವಿಮಾನ ಇಳಿದವನಂತೆ ಕಾಣುತ್ತಾನೆ.