ಬೆನಿಗ್ನಜ್ಜಿಯ ಎರಡನೇ ಕುರ್ಚಿ

ಬೇಸಿಗೆಯಲ್ಲಿ ಬಿಸಿಲು ಇಳಿಯುತ್ತಲೇ ಸ್ಪೇನಿನ ಆ ಬೆಟ್ಟದೂರಿನವರೆಲ್ಲ ಮನೆಯಿಂದ ಕುರ್ಚಿ ತಂದು ಬೀದಿಯಲ್ಲೇ ಹರಟೆಗೆ ಕೂರುತ್ತಿದ್ದರು. ಬೆನಿಗ್ನಜ್ಜಿ ಮಾತ್ರ ಎರಡು ಕುರ್ಚಿ ತರುತ್ತಿದ್ದಳು. ಎರಡನೆಯದು ದಾರಿಹೋಕರಿಗೆ. ದಾರಿ ಕೇಳಲು ನಿಂತವರನ್ನೂ ಬಿಡದೆ ಕೂರಿಸಿ, ಕಲ್ಲಂಗಡಿ ತಿನ್ನಿಸಿ, "ಊರಲ್ಲಿ ಐದು ಮನೆ ಖಾಲಿ ಬಿದ್ದಿವೆ, ನೋಡ್ಕೊಂಡೇ ಹೋಗಿ" ಎಂದು ಗಂಟುಬೀಳುತ್ತಿದ್ದಳು. ಹಾಗೆ ಒಂದು ಸಂಜೆ ಕೂತೆದ್ದು ಹೋದ ರೊಮೇನಿಯಾದ ಆಂಕಾ, ತಿಂಗಳೊಳಗೆ ಗಂಡ ಮಕ್ಕಳ ಸಮೇತ ಬಂದು, ಆ ಖಾಲಿ ಮನೆಗಳಲ್ಲೊಂದರಲ್ಲಿ ನೆಲೆಸಿ, ಊರಲ್ಲಿ ಮುಚ್ಚಿದ್ದ ಬೇಕರಿ ತೆರೆದಳು.

ಮೊದಲ ದಿನದ ಬ್ರೆಡ್ಡೆಲ್ಲ ಮಾರಿ ಬಂದ ಆಂಕಾ ಅದೇ ಕುರ್ಚಿಯಲ್ಲಿ ಕೂರಲು ಹೋದರೆ, ಅಜ್ಜಿ ಅದರ ಮೇಲೆ ಕಾಲು ಚಾಚಿಬಿಟ್ಟಳು.

ಆಂಕಾಳ ಮುಖ ಸಪ್ಪಗಾಯಿತು. "ನಾನೇನು ತಪ್ಪು ಮಾಡ್ದೆ ಅಜ್ಜಿ?"

"ಇದು ಹೊರಗಿನೋರಿಗೆ ಕಣೇ!" ಎಂದು ಅಜ್ಜಿ ಗದರಿದಳು. "ನಿಂಗೇನು ಮನೆ ಇಲ್ವಾ? ಹೋಗಿ ನಿನ್ ಕುರ್ಚಿ ತಗೊಂಡ್ಬಾ!"