ವಾಲ್ವಿಗೆ ಇಟ್ಟ ಕುಂಕುಮ

ರಾಕೆಟ್ಟನ್ನು ಯಾರು ಕಟ್ಟುತ್ತಾರೆ ಎಂದು ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರನ್ನು ಕೇಳಿದರೆ, ಟಿವಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಚಪ್ಪಾಳೆ ತಟ್ಟುವವರು ಎನ್ನುತ್ತಾರೆ. ಕೇಳಿ ಮೈ ಉರಿಯುತ್ತದೆ. ಅದರ ಎಷ್ಟೋ ಭಾಗಗಳು ಹುಟ್ಟುವುದು ಬೆಂಗಳೂರಿನ ಪೀಣ್ಯದಂಥ ಜಾಗದಲ್ಲಿ, ಲಾರಿಗಳು ಅಡ್ಡಾದಿಡ್ಡಿ ನಿಂತ ರಸ್ತೆಗಳ ಶೆಡ್ಡುಗಳಲ್ಲಿ. ಅಂಥದೊಂದು ಶೆಡ್ಡು ನಮ್ಮದು. ಸರ್ಕಾರಿ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಮುಂದೆ ಆಯುಷ್ಯ ಕಳೆದ ನನ್ನ ಮಾವ ನಿವೃತ್ತಿಯಾದ ಮೇಲೆ ಕಟ್ಟಿದ್ದು. ಯಂತ್ರ, ಗಿರಾಕಿ ಎರಡನ್ನೂ ನನ್ನ ಗಂಡ ನೋಡಿಕೊಳ್ಳುತ್ತಾರೆ. ತಯಾರಾದದ್ದನ್ನು ತೊಳೆದು, ಪರೀಕ್ಷಿಸಿ, ಮೊಹರು ಹಾಕುವುದು ನನ್ನ ಕೆಲಸ. ನನ್ನ ಮೊಹರು ಬೀಳದೆ ಏನೂ ಹೊರಗೆ ಹೋಗಬಾರದು. ಬಾಯಲ್ಲಿ ಎಲ್ಲರೂ ಇದನ್ನು ಒಪ್ಪುತ್ತಿದ್ದರು.

ಆ ಸಲ ಬಂದಿದ್ದ ಕೆಲಸ ನಾಲ್ಕು ವಾಲ್ವ್ ಬಾಡಿಗಳದು, ಅಂದರೆ ವಾಲ್ವಿನ ಹೊರಮೈಗಳದು. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡವು. ಉಕ್ಕಿನ ದಿಮ್ಮಿಯೊಂದನ್ನು ಯಂತ್ರಕ್ಕೆ ಕೊಟ್ಟರೆ ಮುಕ್ಕಾಲು ಭಾಗ ಚೂರಾಗಿ ಉದುರಿ, ಉಳಿದದ್ದು ವಾಲ್ವ್ ಆಗುತ್ತದೆ. ಉಡಾವಣೆಗೆ ಮುಂಚೆ ರಾಕೆಟ್ಟಿನ ಹೊಟ್ಟೆಗೆ ದ್ರವ ಆಮ್ಲಜನಕ ತುಂಬುತ್ತಾರಲ್ಲ, ಅದು ಹರಿಯುವ ದಾರಿಯಲ್ಲಿ ಇವು ಕೂರುತ್ತವೆ. ಆ ಆಮ್ಲಜನಕಕ್ಕೆ ಎಣ್ಣೆಯೆಂದರೆ ಆಗದು. ಒಂದು ಬೊಟ್ಟು ಜಿಡ್ಡು ಸಿಕ್ಕರೂ ಸಾಕು, ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಗಾಜಿನ ಗೋಡೆಯ ಸಣ್ಣ ಕೋಣೆಯೊಂದನ್ನು ನಾನು ಹಟ ಹಿಡಿದು ಮಾಡಿಸಿಕೊಂಡಿದ್ದೆ. ಗ್ಲೌಸ್, ಟೋಪಿ, ಮಾಸ್ಕ್ ಇಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಬಾಗಿಲ ಮುಂದೆ ಹಳದಿ ಗೆರೆ ಎಳೆಸಿದ್ದೆ. ಮಾವ ಅದನ್ನು 'ಸೊಸೆಯ ಮಡಿಕೋಣೆ' ಎಂದು ಕರೆದು ಕೆಲಸಗಾರರನ್ನು ನಗಿಸುತ್ತಿದ್ದರು.

ಆಯುಧಪೂಜೆಯ ದಿನ ಮೂರು ವಾಲ್ವ್‌ಗಳು ಚೀಲದೊಳಗೆ ಸೀಲಾಗಿ, ಮೊಹರು ಬಿದ್ದು, ಪೆಟ್ಟಿಗೆ ಸೇರಿದ್ದವು. ನಾಲ್ಕನೆಯದು ತೊಳೆದು ಒಣಗಿ ಚೀಲದಲ್ಲಿತ್ತು, ಸೀಲ್ ಮಾತ್ರ ಬಾಕಿ. ಹೊರಗೆ ಯಂತ್ರಗಳಿಗೆಲ್ಲ ವಿಭೂತಿ ಪಟ್ಟೆ, ಚೆಂಡುಹೂವಿನ ಹಾರ. ಗೇಟಿನ ಬಳಿ ಬೂದುಗುಂಬಳ ಒಡೆಯುವುದನ್ನು ನೋಡಲು ಹೋದವಳು ಹಿಂತಿರುಗುವಷ್ಟರಲ್ಲಿ ಗಾಜಿನ ಕೋಣೆಯೊಳಗೆ ಮಾವ, ಕೈಯಲ್ಲಿ ಪೂಜೆಯ ತಟ್ಟೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ದೇವರ ಕೆಲಸ ನೋಡಿ! ವಾಲ್ವನ್ನು ಚೀಲದಿಂದ ತೆಗೆದಿದ್ದರು. ನುಣ್ಣನೆಯ ಉಕ್ಕಿನ ಮೇಲೆ ಕುಂಕುಮ ನಿಲ್ಲಲಿಲ್ಲವೆಂದು ದೀಪದ ಎಣ್ಣೆಯಲ್ಲಿ ಬೆರಳು ಅದ್ದಿ ಕಲಸಿ, ಬಾಯಿಯ ಪಕ್ಕದಲ್ಲೇ ದುಂಡಗೆ ಬೊಟ್ಟಿಟ್ಟಿದ್ದರು. ಫೋಟೊ ಹೊಡೆದು, ನೆಂಟರ ವಾಟ್ಸಾಪ್ ಗುಂಪಿಗೂ ಕಳಿಸಿಯಾಗಿತ್ತು.

"ಮಾವ, ಏನ್ ಮಾಡಿದ್ರಿ?"

"ಒರೆಸ್ಬಿಡ್ತೀನಿ ಬಿಡಮ್ಮ" ಎಂದು ಪಂಚೆಯ ತುದಿಯಿಂದ ತಿಕ್ಕಿದರು. ಅಂಟಿದ್ದದ್ದು ಇನ್ನಷ್ಟು ಒಳಗೆ ಹೋಯಿತು.

ನಾನು ಪರೀಕ್ಷೆಯ ನೀಲಿ ದೀಪ ಹಿಡಿದೆ. ಜಿಡ್ಡು, ಕುಂಕುಮದೊಳಗಿನ ಅರಿಶಿನ ಏನಿದ್ದರೂ ಅದರ ಬೆಳಕಿನಲ್ಲಿ ಮಿನುಗುತ್ತದೆ. ರಂಧ್ರದ ತಿರುವಿನವರೆಗೂ ಮಿನುಗುತ್ತಿತ್ತು.

ಮತ್ತೆ ತೊಳೆಯಬಹುದಿತ್ತು. ಆದರೆ ಒಮ್ಮೆ ಕೊಳೆಯಾದ ಭಾಗವನ್ನು ಗಿರಾಕಿ ಕಂಪನಿಯವರ ಎದುರಿಗೇ ತೊಳೆದು ತೋರಿಸಬೇಕು. ಏನಾಯಿತು ಎಂದು ಅವರು ಕೇಳಿದರೆ ಹೇಳಲೂ ಬೇಕು. ಫೋನ್ ಮಾಡುತ್ತೇನೆಂದೆ. ಮಾವನ ಮುಖ ಕೆಂಪಾಯಿತು.

"ನಮ್ಮಪ್ಪನ ಕಾಲದಿಂದ ಇಟ್ಟ ವಿಭೂತಿ, ಕುಂಕುಮ ನಿನಗೆ ಕೊಳೆನಾ? ರಾಕೆಟ್ ಬಿಡೋ ದೊಡ್ಡದೊಡ್ಡೋರೇ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸ್ತಾರೆ, ಗೊತ್ತಾ?"

"ಅವ್ರು ಮಾಡಿಸೋದು ಪುಟ್ಟ ಮಾಡೆಲ್ಲಿಗೆ ಮಾವ. ರಾಕೆಟ್ಟಿನ ಬಾಯಿಗೆ ಎಣ್ಣೆ ಹಚ್ಚಲ್ಲ."

ಗಲಾಟೆ ಕೇಳಿ ನನ್ನ ಗಂಡ ಬಂದರು. ಅಪ್ಪ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಸಾಮಿ. "ಹಬ್ಬದ ದಿನ ಯಾಕೆ ರಂಪ? ಸ್ಪಿರಿಟ್ ಹಾಕಿ ಒರೆಸಿ ಸೀಲ್ ಮಾಡಿದ್ರಾಯ್ತು" ಎಂದವರೇ ನನ್ನ ಮೇಜಿನ ಡ್ರಾಯರ್ ಎಳೆದು ಮೊಹರು ಕೈಗೆತ್ತಿಕೊಂಡರು. ನನ್ನ ಮೊಹರು! ಹೆಂಡತಿಯ ಬಾಯಿ ಮುಚ್ಚಿಸಲಾಗದಿದ್ದರೆ ಅವಳ ಹೆಸರಿನಲ್ಲಿ ತಾವೇ ಒತ್ತಿಬಿಡಬಹುದು ಎಂಬ ಧೈರ್ಯ. ಆ ಕ್ಷಣ ಅಪ್ಪ ಮಗ ಇಬ್ಬರ ಮೇಲೂ ನನಗೆ ಹೇಸಿಗೆ ಹುಟ್ಟಿತು.

ನಾನು ವಾದ ಮಾಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಹೂ ಮುಡಿಸಿ ಸಾಲಾಗಿ ಇಟ್ಟಿದ್ದ ಉಪಕರಣಗಳಲ್ಲಿ ಸೆಂಟರ್ ಪಂಚ್, ಸುತ್ತಿಗೆ ಎತ್ತಿಕೊಂಡು ಬಂದೆ. ಪಂಚ್ ಎಂದರೆ ಲೋಹದಲ್ಲಿ ಗುಳಿ ಹಾಕುವ ಚೂಪು ಉಳಿ. ವಾಲ್ವಿನ ಬಾಯಿಯ ಅಂಚು ಕನ್ನಡಿಯಂತೆ ಸಮವಾಗಿರಬೇಕು, ಇಲ್ಲದಿದ್ದರೆ ಸೋರುತ್ತದೆ. ಸರಿಯಾಗಿ ಅದರ ಮೇಲೇ ಪಂಚ್ ಇಟ್ಟು ಒಂದು ಏಟು ಹೊಡೆದೆ.

"ಈಗ ಒತ್ತಿ ಮೊಹರು" ಎಂದೆ.

ನನ್ನ ಗಂಡ ಮೊಹರನ್ನು ಮೇಜಿನ ಮೇಲಿಟ್ಟರು. ಮಾವ ಒಡೆದ ವಿಗ್ರಹ ಎತ್ತಿಕೊಂಡವರ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಹೋದರು. ನಾಲ್ಕನೆಯದನ್ನು ಹೊಸದಾಗಿ ಮಾಡಿ ಕೊಡಬೇಕಾಯಿತು. ತಡ ಯಾಕೆಂದು ಕೇಳಿದ ಗಿರಾಕಿಗೆ ನಾನೇ ಇದ್ದದ್ದು ಇದ್ದಂತೆ ಹೇಳಿದೆ. ಮನೆಯಲ್ಲಿ ಮಾವ ನನ್ನ ಜೊತೆ ಮಾತು ಬಿಟ್ಟರು. "ಅವಳಿಗೆ ಹೇಳು" ಎಂದು ಎದುರಿಗೇ ಮಗನಿಗೆ ಹೇಳುತ್ತಿದ್ದರು. ಪಂಚ್ ಬಿದ್ದ ವಾಲ್ವ್ ದೇವರಮನೆ ಸೇರಿತು. ಅವರು ದಿನಾ ಸ್ನಾನ ಮಾಡಿ ಬಂದು ಆ ಗುಳಿಗೇ ಸರಿಯಾಗಿ ಕುಂಕುಮ ತುಂಬುತ್ತಿದ್ದರು. ದೀಪ ಹಚ್ಚಲು ಹೋದಾಗಲೆಲ್ಲ ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಚುಚ್ಚಲೆಂದೇ ಇಟ್ಟದ್ದು.

ಉಡಾವಣೆಯ ದಿನ ದಾವಣಗೆರೆಯ ಕಡೆಯ ನೆಂಟರೆಲ್ಲ ನಮ್ಮ ಹಾಲಿನಲ್ಲಿ ಟಿವಿ ಮುಂದೆ ಕೂತಿದ್ದರು. ಆಮ್ಲಜನಕ ತುಂಬುವ ಪೈಪುಗಳ ಸುತ್ತ ಬಿಳಿ ಹೊಗೆ ಏಳುತ್ತಿತ್ತು. ಉಳಿದವರಿಗೆ ಅದು ಚಂದ ಕಂಡಿತು. ನನಗೆ ನಮ್ಮ ವಾಲ್ವ್‌ಗಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ರಾಕೆಟ್ ನೆಟ್ಟಗೆ ಮೇಲೇರಿತು. ಚಪ್ಪಾಳೆಯ ನಡುವೆ ಮಾವ ದೇವರಮನೆಯಿಂದ ಆ ವಾಲ್ವ್ ತಂದು ಎಲ್ಲರ ಕಣ್ಣಿಗೂ ಒತ್ತಿಸಿದರು.

"ಇದು ಇಲ್ಲಿ ಕೂತು ಅಲ್ಲಿರೋ ನಾಲ್ಕನ್ನೂ ಕಾಯ್ತು, ನೋಡ್ರಪ್ಪ."

"ಕಾದದ್ದು ನಾನು" ಎಂದೆ, ಎಲ್ಲರಿಗೂ ಕೇಳುವಂತೆ.

ಚಪ್ಪಾಳೆ ನಿಂತಿತು. ನನ್ನ ಗಂಡನ ಸೋದರತ್ತೆ, "ಕೇಸರಿಬಾತ್ ಆರೋಗುತ್ತಮ್ಮ, ತಗೊಂಡ್ ಬಾ" ಎಂದರು. ನಾನು ಎದ್ದು ಹೋಗಿ ತರಲಿಲ್ಲ. ಅವರೇ ಹೋಗಿ ತಂದರು.

ಮುಂದಿನ ಆಯುಧಪೂಜೆಗೆ ಗಾಜಿನ ಆಚೆ ಮಾವ ಕಾಣಿಸಿಕೊಂಡರು. ಅದೇ ತಟ್ಟೆ, ಅದೇ ಎಣ್ಣೆ ದೀಪ. ಕಾಲು ಹಳದಿ ಗೆರೆಯ ಹೊರಗೇ ನಿಂತಿತ್ತು. ವರ್ಷವಿಡೀ ನೇರವಾಗಿ ಮಾತಾಡದ ಮನುಷ್ಯ ಗಂಟಲು ಸರಿಮಾಡಿಕೊಂಡರು.

"ಪೂಜೆಗೆ ಒಂದು ಬೇಕಿತ್ತಮ್ಮ. ನೀನು ಬೇಡ ಅಂತ ತೆಗೆದಿಟ್ಟಿದ್ದು ಯಾವುದಾದ್ರೂ ಇದ್ರೆ ಕೊಡು."

"ಈ ವರ್ಷ ಅಂಥದ್ದು ಒಂದೂ ಇಲ್ಲ ಮಾವ" ಎಂದು ಬಾಗಿಲು ಹಾಕಿಕೊಂಡೆ.